ಒರೆಸುವ ಮುಂಚೆ

ಹಗ್ಗ ನಿಧಾನ ಎಳಿ, ಎಲಿಸೇಯೊ.
ಅದು ಮೀನಲ್ಲ, ಒದ್ದಾಡುವುದಿಲ್ಲ;
ಆದರೂ ದೋಣಿಯಂಚಿಗೆ ತಾಗಿ ಒಡೆದರೆ
ಎರಡು ವರ್ಷದ ಪಚ್ಚಿಲೆ ಮಾರಿದರೂ ಹೊಸದು ಬರುವುದಿಲ್ಲ.

ಇಗೋ, ಬಂತು.
ಮೂರು ವಾರದ ಹಿಂದೆ ಬೋಳುತಲೆ ಇಳಿಸಿದ್ದೆವು,
ಈಗ ಜಡೆ ಬಿಟ್ಟುಕೊಂಡು ಬಂದಿದೆ ನೋಡು.
ಪಾಚಿ, ಲೋಳೆ, ಉಗುರಿನ ಚೂರಿನಂಥ ಬಾರ್ನಕಲ್ ಮರಿಗಳು,
ಕೇಬಲ್ಲಿನ ಕಂಕುಳಲ್ಲಿ ಒಂದು ಏಡಿ, ಎಳ್ಳಿನಷ್ಟು.
ತಾಮ್ರದ ಕವಚ ಹಾಕಿದರೆ ಯಾರೂ ಹತ್ತಿರ ಸುಳಿಯುವುದಿಲ್ಲ
ಅಂದಿದ್ದರು ಸಾಂತಿಯಾಗೋದ ಕಂಪನಿಯವರು.
ಚಿಲೊಯೆಯ ಕಡಲು ಅವರ ಕೈಪಿಡಿ ಓದಿಲ್ಲ.

ತಡಿ, ತಡಿ, ಕೈ ಹಾಕಬೇಡ.
ಬಕೆಟ್ಟಿನಲ್ಲಿ ಇಲ್ಲಿಯದೇ ನೀರು ಮೊಗೆದು
ಕೊಳಕಾಗಿರುವಾಗಲೇ ನಿಲ್ಲಿಸು.
ಏನು ಹೇಳುತ್ತದೆ?
ಹದಿನಾಲ್ಕು ಮುಕ್ಕಾಲು. ಬರಿ.
ಪೆನ್ಸಿಲ್ಲಿನಲ್ಲಿ ಬರಿ; ಇಲ್ಲಿಯ ಮಳೆಗೆ
ಪೆನ್ನು ಬೇಗ ಮಾತು ಬದಲಿಸುತ್ತದೆ.

ಈಗ ಬ್ರಷ್ಷು. ಅದಲ್ಲ, ಅದು ದೋಣಿ ತಿಕ್ಕುವುದು.
ಹಲ್ಲುಜ್ಜುವುದು, ಮಕ್ಕಳದು, ಪೆಂಗ್ವಿನ್ ಚಿತ್ರದ್ದು.
ಮೈಯನ್ನು ಎಷ್ಟಾದರೂ ಉಜ್ಜು.
ಕಣ್ಣಿನ ಗಾಜಿಗೆ ಮಾತ್ರ ಬ್ರಷ್ಷೂ ಬೇಡ, ಉಗುರೂ ಬೇಡ,
ಅಂಗಿಯ ತುದಿಯಂತೂ ಬೇಡವೇ ಬೇಡ.
ನಿನ್ನ ಅಂಗಿಯಲ್ಲಿ ಮರಳಿದೆ, ನಿನಗೆ ಗೊತ್ತಿಲ್ಲ.
ಕಚ್ಚಿಕೊಂಡದ್ದಕ್ಕೆ ವಿನಿಗರ್. ಹತ್ತಿ ನೆನೆಸಿ ಒತ್ತಿಡು,
ತಾನಾಗಿ ಬಿಡುವವರೆಗೆ ಕಾಯಿ.
ಅಷ್ಟರಲ್ಲಿ ಮಿಲ್ಕಾವೊ ತಿನ್ನು. ಆಲೂಗಡ್ಡೆ ರೊಟ್ಟಿ
ಆರಿತೋ, ಲಂಗರಿಗೆ ಕಟ್ಟಬಹುದು.

ಈ ಗಾಜಿನ ಹಿಂದೆ ಒಂದು ಪುಟ್ಟ ದೀಪ.
ನೀಲಿಯಲ್ಲಿ ಕೇಳುತ್ತದೆ: ಯಾರಿದ್ದೀರಿ ಅಲ್ಲಿ?
ನೀರಿನ ಹಸುರು ಕಣಗಳು ಕೆಂಪಿನಲ್ಲಿ ಓಗೊಡುತ್ತವೆ.
ಆ ಓಗುಟ್ಟುವಿಕೆಯ ಲೆಕ್ಕವೇ ನಮ್ಮ ಅಂಕಿ.
ಆದರೆ ಹೊಸ್ತಿಲಲ್ಲೇ ಬಂದು ಕೂತವರು
ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಾರೆ.
ಸುಳ್ಳರಲ್ಲ, ಅವರೂ ಇಲ್ಲಿಯವರೇ.
ಕಡಲನ್ನು ನೋಡಲು ಇಳಿಸಿದ ಕಣ್ಣಿನ ಮೇಲೆ
ಕಡಲೇ ಮನೆ ಕಟ್ಟಿದರೆ ಯಾರನ್ನು ಬೈಯಲಿ?

ನೀನಿನ್ನೂ ಶಾಲೆಯಲ್ಲಿದ್ದೆ ಆಗ. ಒಂದು ಫೆಬ್ರವರಿ,
ಬೇಸಿಗೆಯ ಕೊನೆ. ಹುಚ್ಚು ಗಾಳಿ.
ಒಂಬತ್ತು ದಿನ ದೋಣಿ ಬಿಡಲಾಗಲಿಲ್ಲ.
ಅಂಕಿ ಏರುತ್ತಲೇ ಇತ್ತು.
ಕೊಳೆ, ಅಂದರು ಆಫೀಸಿನಲ್ಲಿ.
ಕೊಳೆ, ಅಂದೆ ನಾನೂ.
ಅದಕ್ಕೊಂದು ವಿಧಾನವಿದೆ, ಮರ್ಯಾದಸ್ಥ ವಿಧಾನ:
ಕೊಳೆ ದಿನಕ್ಕಿಷ್ಟಿಷ್ಟೇ ಕೂತಿರಬೇಕು ಎಂದುಕೊಂಡು
ಹೆಚ್ಚಾದದ್ದನ್ನು ಹಿಂದಿನ ದಿನಗಳಿಗೆಲ್ಲ ಹಂಚಿ
ಕಳೆದುಬಿಡುವುದು.
ಕಳೆದೆ.
ಗೆರೆ ನೆಟ್ಟಗಾಯಿತು, ಇಸ್ತ್ರಿ ಹಾಕಿದ ಹಾಗೆ.

ಹತ್ತನೆಯ ದಿನ ಎತ್ತಿ ನೋಡಿದರೆ
ಗಾಜು ಚೊಕ್ಕಟವಿತ್ತು.
ಆದರೂ ಒರೆಸಿದೆ. ಅಂಕಿ ಇಳಿಯಲಿಲ್ಲ.
ಮತ್ತೆ ಒರೆಸಿದೆ, ಈ ಸಲ ಅಂಗಿಯ ತುದಿಯಲ್ಲೇ.
ಇಗೋ ಈ ಗೀರು, ಬೆಳಕಿಗೆ ಹಿಡಿ, ಕಾಣುತ್ತದೆ,
ಅವತ್ತಿನದು.

ಅಷ್ಟರಲ್ಲಿ ಅಕ್ಕ ಕ್ಲೋರಿಂದಾ
ತನ್ನ ಹಗ್ಗದಿಂದ ಕಿತ್ತ ಪಚ್ಚಿಲೆ ಬೇಯಿಸಿ ಉಂಡಾಗಿತ್ತು.
ಮೊದಲು ತುಟಿ ಜುಮ್ಮೆಂದಿತಂತೆ, ಆಮೇಲೆ ಬೆರಳು,
ಆಮೇಲೆ ಲೋಟ ಹಿಡಿದ ಕೈಗೆ ಲೋಟ ಸಿಗಲಿಲ್ಲವಂತೆ.
ಕಾಸ್ಟ್ರೋದ ಆಸ್ಪತ್ರೆಯಲ್ಲಿ ಎರಡು ರಾತ್ರಿ
ಯಂತ್ರ ಅವಳಿಗಾಗಿ ಉಸಿರಾಡಿತು.
ಬದುಕಿದಳು.
ಈಗಲೂ ನಗುವ ಮುಂಚೆ ಒಂದು ಬೆರಳಿನಿಂದ
ತುಟಿ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಾಳೆ.
ನನಗೇನೂ ಅನ್ನಲಿಲ್ಲ.
ಅನ್ನಬೇಕಿತ್ತು.

ಎಲ್ಲಿದ್ದೆವು? ಹಾಂ, ಹತ್ತಿ ತೆಗಿ.
ನೋಡು, ಎಷ್ಟು ಸಲೀಸಾಗಿ ಬಂತು.
ಭಟ್ಟಿ ಇಳಿಸಿದ ನೀರು ಹೊಯ್ಯಿ.
ಕನ್ನಡಕ ಒರೆಸುವ ಮೆತ್ತನೆ ಬಟ್ಟೆ, ಒಂದೇ ದಿಕ್ಕಿಗೆ,
ಕೂಸಿನ ಕಣ್ಣಿನ ಪಿಸುರು ತೆಗೆಯುವ ಹಾಗೆ.
ಈಗ ಮತ್ತೆ ಬಕೆಟ್ಟಿಗೆ. ತೊಳೆದದ್ದಕ್ಕಲ್ಲ ಮಾರಾಯ, ಮೊದಲಿನದಕ್ಕೆ!

ಒಂಬತ್ತು.
ಪಕ್ಕದಲ್ಲೇ ಬರಿ. ಹದಿನಾಲ್ಕು ಮುಕ್ಕಾಲನ್ನು ಹೊಡೆದುಹಾಕಬೇಡ.
ಐದು ಮುಕ್ಕಾಲು ಕೊಳೆಯ ಪಾಲು,
ಒಂಬತ್ತು ಕಡಲಿನ ಪಾಲು;
ಹೋದ ಸಲ ಕಡಲಿನದು ನಾಲ್ಕಿತ್ತು.
ರೇಡಿಯೊ ತೆಗಿ. ಆಫೀಸಿಗಲ್ಲ,
ಮೊದಲು ಕ್ಲೋರಿಂದಾಗೆ.

ಮತ್ತೆ ಆ ಏಡಿ,
ಅದು ಯಾವ ಅಂಕಿಯಲ್ಲೂ ಬರುವುದಿಲ್ಲ.
ನೀರಿಗೆ ಬಿಡು.